ಕ್ಯಾಮರಾ ಕಂಡ ಬಣ್ಣ

ಒಂದೇ ಮದುವೆಯ ಮಂಟಪದಲ್ಲಿ, ಒಂದೇ ಗಳಿಗೆಯಲ್ಲಿ, ಎರಡು ಸ್ಮಾರ್ಟ್‌ಫೋನುಗಳಿಂದ ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ಮದುಮಗಳ ಮುಖ ಎಣ್ಣೆಗೆಂಪು. ಇನ್ನೊಂದರಲ್ಲಿ ಸುಣ್ಣ ಬಳಿದಂತೆ ಬಿಳಿ. ಇವುಗಳಲ್ಲಿ ನಿಜ ಯಾವುದು?

ಕ್ಯಾಮರಾ ಕಂಡದ್ದನ್ನು ಕಂಡಂತೆ ಹೇಳುತ್ತದೆಂಬುದು ನಮ್ಮ ನಂಬಿಕೆ. ವಾಸ್ತವ ಅಷ್ಟು ಸರಳವಲ್ಲ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿದ, 1976ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇಂದಿನ ಬಹುಪಾಲು ಫೋನುಗಳಿಗೂ ಆಧಾರ. ಅದರಂತೆ ಬೆಳಕನ್ನು ಗ್ರಹಿಸುವ ಬಿಂದುಗಳಲ್ಲಿ ಅರ್ಧದಷ್ಟು ಹಸುರನ್ನು, ಕಾಲುಭಾಗ ಕೆಂಪನ್ನು, ಉಳಿದ ಕಾಲುಭಾಗ ನೀಲಿಯನ್ನು ಮಾತ್ರ ಅಳೆಯುತ್ತವೆ. ಪ್ರತಿ ಬಿಂದುವಿನಲ್ಲಿ ಮಿಕ್ಕೆರಡು ಬಣ್ಣಗಳು ನೆರೆಯ ಬಿಂದುಗಳಿಂದ ಕಟ್ಟಿದ ಊಹೆ. ಬಿದ್ದದ್ದು ದೀಪದ ಬೆಳಕೋ ಬಿಸಿಲೋ ಎಂಬುದೂ ಊಹೆಯೇ. ಅದರ ಮೇಲೆ ತಯಾರಕರು ತಮ್ಮ ತಮ್ಮ ರುಚಿಗೆ ತಕ್ಕಂತೆ ಬಣ್ಣವನ್ನು ತಿದ್ದುತ್ತಾರೆ.

ಇಂಥ ತಿದ್ದುವಿಕೆಗೆ ಒಂದು ಮಾದರಿ ಬೇಕು. ಫಿಲ್ಮಿನ ಕಾಲದಲ್ಲಿ ಮುದ್ರಣದ ಬಣ್ಣ ಹೊಂದಿಸಲು ಕೊಡಾಕ್ ಒದಗಿಸುತ್ತಿದ್ದ ‘ಷರ್ಲಿ ಕಾರ್ಡು’ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಆ ಅಳತೆಗೆ ಸಿಕ್ಕದ ಕಪ್ಪು ಮೈಬಣ್ಣ ಎಷ್ಟೋ ಚಿತ್ರಗಳಲ್ಲಿ ಮಸಿಯಾಯಿತು. 2021ರಲ್ಲಿ ಗೂಗಲ್ ಸಂಸ್ಥೆ ಪಿಕ್ಸೆಲ್ 6 ಫೋನಿನೊಡನೆ ‘ರಿಯಲ್ ಟೋನ್’ ಎಂಬ ವ್ಯವಸ್ಥೆಯನ್ನು ತಂದದ್ದು ಎಲ್ಲ ಮೈಬಣ್ಣಗಳಿಗೂ ನ್ಯಾಯ ಸಲ್ಲಲೆಂದು.

ಆದ್ದರಿಂದ ಫೋನುಗಳನ್ನು ಹೋಲಿಸುವಾಗ ಯಾವ ಚಿತ್ರ ಸೊಗಸೆಂದು ಕೇಳಿದರೆ ಸಾಲದು. ಮನೆಯ ಹಿರಿಯರನ್ನು ಕಿಟಕಿಯ ಬೆಳಕಿನಲ್ಲಿ ಕುಳ್ಳಿರಿಸಿ ಚಿತ್ರ ತೆಗೆಯಿರಿ. ಅಲ್ಲಿಯೇ ನಿಂತು ಚಿತ್ರವನ್ನೂ ಮುಖವನ್ನೂ ಒಟ್ಟಿಗೆ ನೋಡಿ. ಅವರ ಕಪ್ಪನ್ನು ಕಪ್ಪಾಗಿಯೇ, ಸುಕ್ಕನ್ನು ಸುಕ್ಕಾಗಿಯೇ ಉಳಿಸಿದ ಫೋನನ್ನು ಆರಿಸಿಕೊಳ್ಳಿ. ಅವರನ್ನು ನೋಡದ ಮರಿಮಕ್ಕಳಿಗೆ ಅವರ ಮುಖವೆಂದರೆ ಆ ಚಿತ್ರವೇ.