ಅಕ್ಕ ಹೆಣೆದ ಚೌಕದ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್ ಎಂದು ಅಚ್ಚಾಗಿದೆ. ಕಂಪ್ಯೂಟರ್ ಬಗ್ಗೆ ಏನಾದರೂ ಹೇಳುತ್ತಾನೆ ಎಂದು ಮಕ್ಕಳು ಕಾದಿರಬಹುದು. ಅದನ್ನು ಹೇಳಿಕೊಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ನಾನು ಮಾತಾಡಬೇಕೆಂದಿರುವುದು ನನ್ನ ಕೈಯಲ್ಲಿರುವ ಈ ಉಲ್ಲನ್ ಚೌಕದ ಬಗ್ಗೆ. ಐದು ಇಂಚು ಉದ್ದ, ಐದು ಇಂಚು ಅಗಲ. ನಡುವೆ ಎಂಟು ಎಸಳಿನ ಕೆಂಪು ಹೂವು, ಸುತ್ತ ಹಸಿರು, ಅಂಚಿಗೆ ಬಿಳಿ. ಎಸಳುಗಳು ಕೆಳಗೆ ಅಂಟಿಕೊಂಡಿಲ್ಲ, ಬೆರಳಿನಿಂದ ಎತ್ತಬಹುದು. ಹಿಂದಿನ ಸಾಲಿನವರಿಗೂ ಕಾಣಲಿ ಎಂದು ಇನ್ನೂ ಹತ್ತು ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಹೆಣೆದವಳು ನನ್ನ ಅಕ್ಕ. ಅವಳೂ ಇದೇ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವಳು.

ನಮ್ಮ ಕಾಲದಲ್ಲಿ ಕ್ರಾಫ್ಟ್ ಪಿರಿಯಡ್ ಬಂತೆಂದರೆ ಹುಡುಗಿಯರು ಹೊಲಿಗೆ ಕೋಣೆಗೆ, ಹುಡುಗರು ತೆಂಗಿನ ಸಸಿಗೆ ನೀರು ಹಾಕಲು, ಇಲ್ಲವೇ ನೇರ ಮೈದಾನಕ್ಕೆ. ಅಕ್ಕನಿಗೆ ಕ್ರೋಶಾ ಕಡ್ಡಿ ಹಿಡಿಯುವುದನ್ನು ಕಲಿಸಿದವರು ನಮ್ಮ ಹೊಲಿಗೆ ಟೀಚರ್. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ನಾನು ಕಲಿತದ್ದು 2020ರ ಲಾಕ್‌ಡೌನ್‌ನಲ್ಲಿ, ಊರಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತಿದ್ದಾಗ. ನೆಟ್‌ವರ್ಕ್ ಹೋದಾಗೆಲ್ಲ ಅಕ್ಕನ ಪಕ್ಕ ಹೋಗಿ ಕೂರುತ್ತಿದ್ದೆ. ನೆಟ್‌ವರ್ಕ್ ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತು ಎಂಬುದು ನಿಮಗೆ ಗೊತ್ತು, ಹಾಗಾಗಿ ಬೇಗ ಕಲಿತೆ.

ಹೆಣೆಯುವುದು ಹೇಗೆಂದು ಹೇಳುತ್ತೇನೆ. ಕಡ್ಡಿ 4 ಮಿಲಿಮೀಟರಿನದು, ತುದಿಗೆ ಒಂದು ಕೊಕ್ಕೆ, ಅಷ್ಟೇ. ನಮ್ಮ ಮನೆಯಲ್ಲಿ ಸರಪಳಿ, ಗಿಡ್ಡ ಕಂಬ, ಅರ್ಧ ಕಂಬ, ಕಂಬ ಎನ್ನುತ್ತೇವೆ. ಕಂಬ ಎಂದರೆ ಕಡ್ಡಿಗೆ ದಾರವನ್ನು ಒಮ್ಮೆ ಸುತ್ತಿ, ಕಿಂಡಿಯಲ್ಲಿ ತೂರಿಸಿ ಎಳೆದುಕೊಂಡು, ಎರಡೆರಡು ಕುಣಿಕೆಯಾಗಿ ಎರಡು ಸಲ ಬಿಡಿಸುವುದು. ಇದನ್ನೇ ಅಮೆರಿಕದವರು ಡಬಲ್ ಕ್ರೋಶೆ ಎಂದರೆ ಇಂಗ್ಲೆಂಡಿನವರು ಟ್ರೆಬಲ್ ಎನ್ನುತ್ತಾರೆ. ಯೂಟ್ಯೂಬ್ ನೋಡಿ ಕಲಿಯುವವರು ಹೇಳಿಕೊಡುವವರು ಯಾವ ದೇಶದವರೆಂದು ಮೊದಲು ನೋಡಿಕೊಳ್ಳಿ. ನಮ್ಮ ಕಂಬಕ್ಕೆ ಆ ತಾಪತ್ರಯ ಇಲ್ಲ.

ಆರು ಸರಪಳಿ ಹಾಕಿ ಬಳೆಯಂತೆ ಕೂಡಿಸಬೇಕು. ಆ ಬಳೆಯೊಳಗೆ ಒಂದು ಕಂಬ, ಎರಡು ಸರಪಳಿ, ಮತ್ತೆ ಒಂದು ಕಂಬ, ಎರಡು ಸರಪಳಿ, ಹೀಗೆ ಎಂಟು ಕಂಬ. ಸುತ್ತಿನ ಮೊದಲ ಕಂಬದ ಬದಲು ಮೂರು ಸರಪಳಿ ಹಾಕುವುದು ರೂಢಿ. ಈಗ ಎಂಟು ಕಿಂಡಿಗಳಾದವು. ಪ್ರತಿ ಕಿಂಡಿಗೆ ಒಂದು ಎಸಳು: ಗಿಡ್ಡ ಕಂಬ, ಅರ್ಧ ಕಂಬ, ಮೂರು ಕಂಬ, ಅರ್ಧ ಕಂಬ, ಗಿಡ್ಡ ಕಂಬ. ಎತ್ತರ ಏರಿ ಇಳಿಯುವುದರಿಂದ ಎಸಳು ತಾನಾಗಿ ದುಂಡಾಗುತ್ತದೆ.

ಹೂವು ಉಬ್ಬಿ ನಿಲ್ಲುವ ಗುಟ್ಟು ಮುಂದಿನ ಸುತ್ತಿನಲ್ಲಿದೆ. ಎಸಳುಗಳನ್ನು ಮುಂದಕ್ಕೆ ಬಾಗಿಸಿ ಹಿಡಿಯಬೇಕು. ಕಡ್ಡಿಯನ್ನು ಹಿಂಬದಿಯಿಂದ ತಂದು, ಮೊದಲ ಸುತ್ತಿನ ಕಂಬವನ್ನೇ ಬಳಸಿ, ಒಂದು ಗಿಡ್ಡ ಕಂಬ ಹಾಕಬೇಕು. ಆಮೇಲೆ ಮೂರು ಸರಪಳಿ, ಮುಂದಿನ ಕಂಬಕ್ಕೆ ಮತ್ತೆ ಹಾಗೆಯೇ. ಹೂವಿನ ಬೆನ್ನಿಗೆ ಎಂಟು ಕಮಾನುಗಳು ಸಿಗುತ್ತವೆ. ಹಸಿರು ದಾರ ಹೋಗುವುದು ಈ ಕಮಾನುಗಳಿಗೆ. ಒಂದು ಬಿಟ್ಟು ಒಂದು ಕಮಾನಿನಲ್ಲಿ ಮೂಲೆ, ಅಂದರೆ ಮೂರು ಕಂಬ, ಎರಡು ಸರಪಳಿ, ಮೂರು ಕಂಬ. ಉಳಿದ ನಾಲ್ಕರಲ್ಲಿ ಬರೀ ಮೂರು ಕಂಬ. ದುಂಡಗಿದ್ದದ್ದು ಅಲ್ಲಿಗೆ ಚೌಕವಾಯಿತು. ನೀವು ಈ ಚೌಕವನ್ನು ಜಗ್ಗಿ ನೋಡಿದರೆ ಎಳೆತವೆಲ್ಲ ಬೀಳುವುದು ಹಿಂದಿನ ಕಮಾನುಗಳ ಮೇಲೆ. ಹೂವಿನ ಎಸಳು ಅಲುಗುವುದಿಲ್ಲ. ತಿರುಗಿಸಿ ನೋಡದವರಿಗೆ ಕಮಾನು ಕಾಣುವುದೂ ಇಲ್ಲ.

ಇನ್ನು ಲೆಕ್ಕ. ಹತ್ತನೇ ತರಗತಿಯ ಮಕ್ಕಳು ಸ್ವಲ್ಪ ಕಿವಿಗೊಡಿ. ಹಸಿರಿನ ಮೊದಲ ಸುತ್ತಿನಲ್ಲಿ 36 ಕಂಬ, ಎರಡನೆಯದರಲ್ಲಿ 48, ಬಿಳಿ ಸುತ್ತಿನಲ್ಲಿ 60. ಸುತ್ತಿಗೆ 12 ಹೆಚ್ಚುತ್ತಿದೆ. ಹನ್ನೆರಡೇ ಏಕೆ? ಚೌಕ ಬಿಡಿ, ಮೊದಲು ದುಂಡಗಿನ ಚಾಪೆ ಹೆಣೆಯುತ್ತಿದ್ದೀರಿ ಎಂದುಕೊಳ್ಳಿ. ಒಂದು ಸುತ್ತು ಮುಗಿದರೆ ತ್ರಿಜ್ಯ ಒಂದು ಕಂಬದ ಎತ್ತರದಷ್ಟು ಬೆಳೆಯುತ್ತದೆ. ಕಂಬದ ಎತ್ತರ ಅದರ ಅಗಲದ ಸುಮಾರು ಎರಡರಷ್ಟು. ಪರಿಧಿ ಎಂದರೆ ಎರಡು ಪೈ ಆರ್. ಎರಡನ್ನು 22/7ರಿಂದ ಗುಣಿಸಿ, ಮತ್ತೆ ಎರಡರಿಂದ ಗುಣಿಸಿ. ಹನ್ನೆರಡೂವರೆ ಬರುತ್ತದೆ. ಸುತ್ತಿಗೆ ಹನ್ನೆರಡರಂತೆ ಹೆಚ್ಚಿಸಿದರೆ ಚಾಪೆ ಸಮತಟ್ಟಾಗಿ ಮಲಗುತ್ತದೆ. ಎಂಟೇ ಹೆಚ್ಚಿಸಿದರೆ ಟೊಪ್ಪಿಗೆಯಾಗಿ ಬಗ್ಗುತ್ತದೆ. ಇಪ್ಪತ್ತು ಹೆಚ್ಚಿಸಿದರೆ ಫ್ರಾಕಿನ ಅಂಚಿನ ಹಾಗೆ ನಿರಿಗೆ ಏಳುತ್ತದೆ. ನಮ್ಮ ಚೌಕದಲ್ಲಿ ಅದೇ ಹನ್ನೆರಡು ನಾಲ್ಕು ಮೂಲೆಗಳಿಗೆ ಮೂರು ಮೂರಾಗಿ ಹಂಚಿಹೋಗಿದೆ.

ಆ ನಿರಿಗೆ ಕೂಡ ಸಣ್ಣ ವಿಷಯವಲ್ಲ. ಯೂಕ್ಲಿಡ್‌ನ ಸಮಾಂತರ ರೇಖೆಗಳ ನಿಯಮ ನಡೆಯದ ಹೈಪರ್‌ಬೋಲಿಕ್ ಸಮತಲ ಎಂಬುದೊಂದಿದೆ. ಅದನ್ನು ಕೈಯಲ್ಲಿ ಹಿಡಿದು ತೋರಿಸುವಂಥ ಗಟ್ಟಿ ಮಾದರಿಯನ್ನು 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ ಕ್ರೋಶಾ ಕಡ್ಡಿಯಲ್ಲೇ ಹೆಣೆದರು. ನಮ್ಮ ಶಾಲೆಯಲ್ಲೋ, ಗಣಿತದ ಮೇಷ್ಟ್ರು ಒಂದು ಕೋಣೆಯಲ್ಲಿ ಪರಿಧಿಯ ಸೂತ್ರ ಬರೆಸುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಹುಡುಗಿಯರು ಅದೇ ಪರಿಧಿಯನ್ನು ಹೆಣೆಯುತ್ತಿದ್ದರು. ನಡುವೆ ಒಂದು ಗೋಡೆ. ಗೋಡೆಯ ಆ ಕಡೆಯದಕ್ಕೆ ನೂರು ಅಂಕ, ಈ ಕಡೆಯದು 'ಹೆಣ್ಣುಮಕ್ಕಳ ಹೊತ್ತು ಕಳೆಯುವ ಕೆಲಸ'. ಈ ಮಾತು ನನಗೆ ಸರಿಬಂದಿಲ್ಲ.

ಹೊತ್ತು ಕಳೆಯಲು ಹುಟ್ಟಿದ ಕೆಲಸವೂ ಇದಲ್ಲ. ಹೂವಿನ ಬೆನ್ನಿಗೆ ಕಮಾನು ಕಟ್ಟಿ ಎಸಳನ್ನು ಉಬ್ಬಿಸುವ ಈ ರೀತಿ ಐರಿಷ್ ಕ್ರೋಶಾದ್ದು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ರೋಗಕ್ಕೆ ಸಿಕ್ಕಿ ಭೀಕರ ಕ್ಷಾಮ ಬಂದಾಗ, ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಮತ್ತಿತರರು ಬಡ ಹೆಂಗಸರಿಗೆ ಇದನ್ನು ಕಲಿಸಿದರು. ಲೇಸ್ ಮಾರಿ ಎಷ್ಟೋ ಮನೆಗಳು ಉಂಡವು. ನಮ್ಮ ನೆರೆಯ ಆಂಧ್ರದ ನರಸಾಪುರದಲ್ಲೂ ಮಿಷನರಿಗಳು ಕಲಿಸಿದ ಕ್ರೋಶಾ ಲೇಸ್ ದೊಡ್ಡ ಕಸುಬಾಗಿ ಬೆಳೆದು ವಿದೇಶಗಳಿಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರ ಬಗ್ಗೆ ಬರೆದ ಪುಸ್ತಕ 1982ರಲ್ಲಿ ಬಂತು. ಜಗತ್ತಿನ ಮಾರುಕಟ್ಟೆಗೆ ಲೇಸ್ ಹೆಣೆಯುತ್ತಿದ್ದವರನ್ನು ಬರೀ ಗೃಹಿಣಿಯರೆಂದು ಕರೆದದ್ದರಿಂದಲೇ ಅವರ ಕೂಲಿ ಅಷ್ಟು ಕಡಿಮೆ ಇತ್ತು ಎಂಬುದು ಅದರಲ್ಲಿನ ಮುಖ್ಯ ವಾದ.

ಇಲ್ಲಿ ಇನ್ನೊಂದು ಸಂಗತಿ ಇದೆ. ಸ್ವೆಟರ್ ಹೆಣಿಗೆಗೆ ಯಂತ್ರ ಬಂದು ನಾಲ್ಕು ಶತಮಾನ ದಾಟಿತು. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಅಲ್ಲಿ ಕುಣಿಕೆಗಳೆಲ್ಲ ಸಾಲಾಗಿ ಸೂಜಿಗಳ ಮೇಲೆ ನಿಂತಿರುತ್ತವೆ, ಯಂತ್ರಕ್ಕೆ ಅದು ಸುಲಭ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಕೊಕ್ಕೆ ಹಿಂದಿನಿಂದ, ಮುಂದಿನಿಂದ, ಎಸಳಿನ ಮರೆಯಿಂದ ತನ್ನ ದಾರಿ ಹುಡುಕಬೇಕು. ಪ್ರಯೋಗಗಳು ನಡೆದಿವೆ, ಆದರೆ ಕೈಗೆ ಬದಲಾಗಿ ಇಂಥ ಚೌಕವನ್ನು ಹೆಣೆದು ಮಾರುಕಟ್ಟೆಗೆ ತುಂಬುವ ಯಂತ್ರ ಇನ್ನೂ ಬಂದಿಲ್ಲ. ಕ್ರೋಶಾ ಮಷಿನ್ ಎಂಬ ಹೆಸರಿನವು ಇವೆ, ಅವು ಮಾಡುವುದು ಲೇಸ್ ಪಟ್ಟಿಯಂಥ ಬೇರೆ ಬಗೆಯ ಹೆಣಿಗೆ. ಆದ್ದರಿಂದ ಅಂಗಡಿಯಲ್ಲಿ ಇಂಥ ಹೂವಿನ ಚೌಕ ಅಗ್ಗಕ್ಕೆ ಕಂಡರೆ, ಎಲ್ಲೋ ಒಬ್ಬರ ಕೈ ಅಷ್ಟು ಅಗ್ಗಕ್ಕೆ ಹೋಗಿದೆ ಎಂದೇ ಅರ್ಥ.

ನಮ್ಮೂರಿನಲ್ಲಿ ಆದದ್ದು ಹೇಳುತ್ತೇನೆ. ಪೇಟೆಯಿಂದ ಒಬ್ಬ ವ್ಯಾಪಾರಿ ಅಕ್ಕನ ಸಂಘಕ್ಕೆ ಬಂದು ದಿಂಬಿನ ಕವರುಗಳಿಗೆ ಆರ್ಡರ್ ಕೊಡುತ್ತೇನೆ ಎಂದ. ಒಂದಕ್ಕೆ 150 ರೂಪಾಯಿ, ಉಲ್ಲನ್ ನಿಮ್ಮದೇ. ಎಲ್ಲರಿಗೂ ಖುಷಿ. ನಾನು ಅಕ್ಕನ ಪಕ್ಕ ಗಡಿಯಾರ ಇಟ್ಟುಕೊಂಡು ಕೂತೆ. ಅವಳದು ಓಡುವ ಕೈ, ಆದರೂ ಒಂದು ಚೌಕಕ್ಕೆ 40 ನಿಮಿಷ. ಕವರಿಗೆ ಒಂಬತ್ತು ಚೌಕ, ಆರು ಗಂಟೆ. ಕೂಡಿಸಿ ಅಂಚು ಕಟ್ಟಲು ಇನ್ನೊಂದು ಗಂಟೆ. ಉಲ್ಲನ್‌ಗೆ 60 ರೂಪಾಯಿ ಕಳೆದರೆ ಏಳು ಗಂಟೆಗೆ ಉಳಿಯುವುದು 90. ಗಂಟೆಗೆ 13 ರೂಪಾಯಿಯೂ ಇಲ್ಲ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ಕೆರೆ ಹೂಳೆತ್ತುವವರಿಗೆ ಅದು ಹೆಚ್ಚೆಂದು ನಾನು ಹೇಳುವುದಿಲ್ಲ. ಆದರೆ ಕಣ್ಣು, ಬೆರಳು, ಲೆಕ್ಕ ಮೂರನ್ನೂ ಇಟ್ಟು ಮಾಡುವ ಕೆಲಸಕ್ಕೆ ಅದರ ಕಾಲು ಭಾಗವೇ?

ಅಕ್ಕ ಈ ಲೆಕ್ಕವನ್ನು ಸಂಘದ ಪುಸ್ತಕದಲ್ಲಿ ಬರೆದಳು. ಕವರಿಗೆ 350 ಕೊಡಿ ಎಂದರು. ವ್ಯಾಪಾರಿ ನಗುತ್ತಲೇ ಎದ್ದು ಪಕ್ಕದೂರಿಗೆ ಹೋದ. ಅಲ್ಲಿ 150ಕ್ಕೇ ಒಪ್ಪಿದರು. ಆ ಊರಿನ ಅಕ್ಕಂದಿರೂ ಇಲ್ಲಿ ಕೂತಿದ್ದೀರಿ, ಅವರಲ್ಲಿ ಮೂವರು ನನ್ನ ಕ್ಲಾಸಿನವರೇ. ನಾನು ನಿಮ್ಮನ್ನು ದೂರುತ್ತಿಲ್ಲ. ಮನೆಯಲ್ಲಿ ಕೂತು ತಿಂಗಳಿಗೆ ಒಂದಿಷ್ಟು ಬಂದರೆ ಸಾಕು ಎನ್ನುವ ಕಷ್ಟ ನಮ್ಮ ಮನೆಗೂ ಗೊತ್ತು. ಆದರೆ ನಾಳೆ ಅವನು ನಿಮ್ಮಲ್ಲಿಂದ ಎದ್ದು 120ಕ್ಕೆ ಒಪ್ಪುವ ಮೂರನೆಯ ಊರಿಗೆ ಹೋಗುತ್ತಾನೆ. ಈ ಶಾಲೆಗೆ ಮಕ್ಕಳನ್ನು ಕಳಿಸುವ ಊರುಗಳ ಸಂಘಗಳೆಲ್ಲ ಕೂತು ಒಂದೇ ದರ ಹಿಡಿದರೆ ಅವನು ಎಲ್ಲಿಗೆ ಹೋದಾನು? ನಮಗೆಲ್ಲ ಕಡ್ಡಿ ಹಿಡಿಯಲು ಕಲಿಸಿದ್ದು ಒಂದೇ ಕೋಣೆ ತಾನೇ.

ಆ ಕೋಣೆಯ ವಿಷಯ. ಹುದ್ದೆ ತುಂಬುವುದು ನಮ್ಮ ಕೈಯಲ್ಲಿಲ್ಲ. ಮುಖ್ಯೋಪಾಧ್ಯಾಯರು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೋಣೆ ಬಿಟ್ಟುಕೊಡಲು ಒಪ್ಪಿದ್ದಾರೆ. ಕಲಿಸಲು ಅಕ್ಕ ಮತ್ತು ಅವಳ ಇಬ್ಬರು ಗೆಳತಿಯರು ಬರುತ್ತಾರೆ. ಅವರ ಗೌರವಧನ, ಕಡ್ಡಿ, ಉಲ್ಲನ್ ಖರ್ಚನ್ನು ನಮ್ಮ ಬ್ಯಾಚಿನ ಏಳು ಜನ ಮೂರು ವರ್ಷ ನೋಡಿಕೊಳ್ಳುತ್ತೇವೆ. ಷರತ್ತು ಒಂದೇ, ಹುಡುಗರೂ ಕೂರಬೇಕು. ತೆಂಗಿನ ಸಸಿಗಳು ಈಗ ಮರವಾಗಿವೆ, ಅವಕ್ಕೆ ನಿಮ್ಮ ಕೊಡದ ನೀರು ಬೇಕಾಗಿಲ್ಲ.

ಸಂಘದವರು ಇವತ್ತು ಊಟವಾದ ಮೇಲೆ ಹೊಲಿಗೆ ಕೋಣೆಗೆ ಬನ್ನಿ. ಅಕ್ಕ ಲೆಕ್ಕದ ಪುಸ್ತಕ ಹಿಡಿದು ಅಲ್ಲೇ ಇರುತ್ತಾಳೆ. ಯಾರು ಏನು ಹೆಣೆಯುತ್ತೀರಿ, ಎಷ್ಟು ಗಂಟೆ ಹಿಡಿಯುತ್ತದೆ, ಎಷ್ಟು ಸಿಗುತ್ತಿದೆ ಎಂದು ಬರೆಸಿ. ಬಾಗಿಲ ತೋರಣ, ಟೇಬಲ್ ಕ್ಲಾತ್, ಮಕ್ಕಳ ಟೊಪ್ಪಿಗೆ, ಎಲ್ಲವನ್ನೂ ಬರೆಸಿ. ಗಂಟೆಯ ಲೆಕ್ಕ ಗೊತ್ತಿಲ್ಲದವರು ಅಲ್ಲೇ ಕೂತು ಒಂದು ಚೌಕ ಹೆಣೆಯಿರಿ, ಸಮಯ ನೋಡಲು ನಾನಿರುತ್ತೇನೆ.