ಹಕ್ಕಿಯ ಪಾಲಿಗೆ ಒಂದು ಗುಂಟೆ

(ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರು ಉದಗೀರದ ಹತ್ತಿರದ ಜಳಕೋಟದ ಕಡೆಯವರು. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಗಡಿ ಬದಲಾಯಿತು. ಎರೆ ಭೂಮಿ ಬದಲಾಗಲಿಲ್ಲ. ಅಲ್ಲಿ ಮುಂಗಾರಿಗೆ ಜೋಳ, ಸಜ್ಜೆ, ಹೆಸರು, ತೊಗರಿ ಬಿತ್ತುತ್ತಿದ್ದರು. ಈಗ ಆ ಹೊಲಗಳಲ್ಲಿ ಹೆಚ್ಚಾಗಿ ಸೋಯಾ ಅವರೆ. ದುಡ್ಡು ತರುವ ಬೆಳೆಯನ್ನು ನಾನು ಬೈಯುವುದಿಲ್ಲ. ಆದರೆ ತೆನೆಯಿಲ್ಲದ ಹೊಲದಲ್ಲಿ ಗುಬ್ಬಿಗೆ, ಗೀಜಗಕ್ಕೆ ಕಾಳು ಎಲ್ಲಿಂದ ಬರಬೇಕು?

"ಸ್ವಾಮೀ, ನಮಗೇ ಹೊಲವಿಲ್ಲ, ಹಕ್ಕಿಗೆ ಎಲ್ಲಿಂದ ತರೋಣ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ ಏಳನೆಯ ವರ್ಷ ಭೂಮಿಯನ್ನು ಬೀಳು ಬಿಡುವ ನಿಯಮವಿದೆ. ಅಲ್ಲಿ ಮೊದಲು ಉಣ್ಣುವವರು ಬಡವರು. ಅವರು ಉಳಿಸಿದ್ದು ಕಾಡಿನ ಮೃಗಗಳಿಗೆ. ಬಡವನ ತಟ್ಟೆಯಿಂದ ಕಿತ್ತು ಮೃಗಕ್ಕೆ ಹಾಕೆಂದು ಅದು ಹೇಳಲಿಲ್ಲ. ಇಬ್ಬರಿಗೂ ಪಾಲಿದೆ ಎಂದಿತು. ನಾವೂ ಅದೇ ಲೆಕ್ಕ ಹಿಡಿಯೋಣ.

ಲೈನ್ ಮನೆಯ ಹಿಂದೆ, ಎಸ್ಟೇಟಿನವರ ಒಪ್ಪಿಗೆ ಪಡೆದು, ಬಿಸಿಲು ಬೀಳುವ ಒಂದು ತುಂಡು ನೆಲ ಸಾಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಷ್ಟಿಲ್ಲದಿದ್ದರೆ ಅರ್ಧ ಗುಂಟೆ. ಟ್ರ್ಯಾಕ್ಟರ್ ಬೇಡ, ಎತ್ತೂ ಬೇಡ. ಒಂದು ಗುದ್ದಲಿ, ಹಗ್ಗ, ಎರಡು ಗೂಟ, ಮೂರು ಅಡಿಯ ಬಿದಿರಿನ ಕೊಳವೆ ಇದ್ದರಾಯಿತು.

ಮುಂಗಾರು ಮಳೆ ಬಿದ್ದು ನೆಲ ಒಂದು ಗೇಣು ಹಸಿಯಾದ ಮೇಲೆ ಅಗೆಯಿರಿ. ಹಗ್ಗ ಕಟ್ಟಿ ಒಂದೂವರೆ ಅಡಿಗೊಂದು ಸಾಲು ಗೀಚಿ. ಇಳಿಜಾರಾದರೆ ಸಾಲು ಅಡ್ಡಲಾಗಿರಲಿ, ಮಣ್ಣು ಕೊಚ್ಚಿ ಹೋಗುವುದಿಲ್ಲ. ನೀರು ನಿಲ್ಲುವ ಜಾಗ ಬೇಡ, ಬೀಜ ಕೊಳೆಯುತ್ತದೆ. ನಾಲ್ಕು ಸಾಲು ಸಜ್ಜೆ, ಎರಡು ಸಾಲು ಹೆಸರು, ಹೀಗೆ ಹಾಕುತ್ತಾ ಹೋಗಿ. ಗೆಣ್ಣು ಕೊರೆದ ಕೊಳವೆಯಲ್ಲಿ ಬೀಜ ಬಿಡುತ್ತಾ ನಡೆದರೆ ನಮ್ಮ ಕಡೆಯ ಕೂರಿಗೆಯ ಕೆಲಸವೇ ಆಯಿತು, ಬಗ್ಗುವ ಕಷ್ಟವಿಲ್ಲ. ಸಜ್ಜೆ ಒಂದು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಇಡೀ ಗುಂಟೆಗೆ ಸಜ್ಜೆ ಹಾಕಿದರೂ 50 ಗ್ರಾಂ ಬೀಜ ಸಾಕು, ಒಂದು ಹಿಡಿ ಅಷ್ಟೇ. ಮುಳ್ಳಿನ ಕೊಂಬೆ ಎಳೆದು ಬೀಜ ಮುಚ್ಚಿ. ಸಸಿ ಎದ್ದ ಮೇಲೆ ಅರ್ಧ ಅಡಿಗೊಂದು ಬಿಟ್ಟು ಉಳಿದದ್ದನ್ನು ಕೀಳಿ. ಮೂರನೆಯ ವಾರ, ಆರನೆಯ ವಾರ ಕಳೆ ತೆಗೆಯಿರಿ.

ಎರಡು ತಿಂಗಳು ದಾಟುವಷ್ಟರಲ್ಲಿ ಹೆಸರುಕಾಯಿ ನಿಮ್ಮ ಮಡಕೆಗೆ. ಮೂರು ತಿಂಗಳಿಗೆ ಸಜ್ಜೆ ಮಾಗುತ್ತದೆ. ಅರ್ಧ ತೆನೆ ನೀವು ಕೊಯ್ದುಕೊಳ್ಳಿ, ಅರ್ಧ ನಿಲ್ಲಲಿ. ಇದು ಬರೀ ದಾನವಲ್ಲ. ಗುಬ್ಬಿಯೂ ಗೀಜಗವೂ ತಾವು ಕಾಳು ತಿಂದರೂ ಮರಿಗೆ ಹುಳು ಹಿಡಿದು ತಿನ್ನಿಸುತ್ತವೆ. ನಿಮ್ಮ ಬದನೆ, ಅವರೆ ಸಾಲಿಗೆ ಅದು ಪುಕ್ಕಟೆ ಕಾವಲು.

ಈಗ ಮೂರು ಎಚ್ಚರಿಕೆ. ತಾಯಂದಿರು ಗಮನವಿಟ್ಟು ಕೇಳಿ.

ಮೊದಲನೆಯದು: ಅಂಗಡಿಯ ಚೀಲದಲ್ಲಿ ಕೆಂಪು, ಗುಲಾಬಿ ಬಣ್ಣ ಹಚ್ಚಿದ ಬೀಜ ಬರುತ್ತದೆ. ಅದು ವಿಷದ ಮದ್ದು. ಉಳಿದದ್ದನ್ನು ಹಕ್ಕಿಗೆ ಚೆಲ್ಲಬೇಡಿ, ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ತೊಳೆದರೂ ತಿನ್ನಲು ಬಾರದು.

ಎರಡನೆಯದು: ಸಜ್ಜೆಯ ಬದಲು ಜೋಳ ಹಾಕಿದವರು ಮೇಕೆ, ದನ ದೂರವಿಡಿ. ಎಳೆ ಜೋಳದಲ್ಲೂ ಮಳೆಯಿಲ್ಲದೆ ಬಾಡಿದ ಜೋಳದ ಚಿಗುರಿನಲ್ಲೂ ವಿಷವಿರುತ್ತದೆ. ತಿಂದ ದನ ಸ್ವಲ್ಪ ಹೊತ್ತಿನಲ್ಲೇ ಬೀಳುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಜಳಕೋಟದ ಬಯಲಿನಲ್ಲಿ ಆನೆಯಿಲ್ಲ. ಕೊಡಗು, ಸಕಲೇಶಪುರದ ತೋಟಗಳಲ್ಲಿ ಇದೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕೂಲಿಯವರು ಆನೆಯ ಎದುರು ಸಿಕ್ಕಿ ಪ್ರಾಣ ಕಳೆದುಕೊಂಡಿದ್ದಾರೆ. ಆನೆ, ಹಂದಿ ಓಡಾಡುವ ಕಡೆ ಲೈನ್ ಮನೆಯ ಹತ್ತಿರ ಇಂಥ ತುಂಡು ಬಿತ್ತಲೇಬೇಡಿ. ಅಲ್ಲಿ ಹಕ್ಕಿಗೆ ಒಂದು ಬೋಗುಣಿ ನೀರಿಡಿ, ಸಾಕು. ಹಕ್ಕಿಯನ್ನು ಕರೆಯಹೋಗಿ ಆನೆಯನ್ನು ಬಾಗಿಲಿಗೆ ಕರೆಯುವುದು ದಯೆಯಲ್ಲ.

ಜಾಗ ನೋಡಿ, ಬೀಜ ನೋಡಿ, ಆಮೇಲೆ ಬಿತ್ತಿ. ಒಂದು ಹಿಡಿ ಸಜ್ಜೆಯಿಂದ ಯಾರೂ ಬಡವರಾಗುವುದಿಲ್ಲ. ಮುಂದಿನ ಮುಂಗಾರಿಗೆ ಬೇಕಾದ ಬೀಜವನ್ನು ಒಳ್ಳೆಯ ತೆನೆಯಿಂದ ಆರಿಸಿ, ಒಣಗಿಸಿ, ಬೂದಿ ಬೆರೆಸಿ ಎತ್ತಿಡಿ. ಪಕ್ಕದ ಮನೆಯವರಿಗೂ ಒಂದು ಹಿಡಿ ಕೊಡಿ.