ಜೇಬು ಬರಿದಾದವರು ಕಂಡ ಷಿಕಾಗೋ
(ಗೋವಿಂದನಹಳ್ಳಿಯ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ವಿಷಯ ಹೇಳಿ ಎಂದು ಕಾರ್ಖಾನೆಯ ಗೆಳೆಯರೂ ಸಂತೆಯ ವ್ಯಾಪಾರಿಗಳೂ ಕೇಳಿದ್ದೀರಿ. ನಾವು ಆ ದೇಶಕ್ಕೆ ಹೋದವರಲ್ಲ. ಹೋಗಿಬಂದವರ ಮಾತಿಗೇನೂ ಈಗ ಬರವಿಲ್ಲ. ಆದರೆ ವಿಮಾನದಿಂದ ಇಳಿದು ಮಗನ ಕಾರು ಹತ್ತಿದವರಿಗೆ ಊರಿನ ಮುಂಬಾಗಿಲು ಮಾತ್ರ ಕಾಣುತ್ತದೆ. ನಮ್ಮ ಈ ಊರನ್ನೇ ನೋಡಿ. ಪಂಚಲಿಂಗೇಶ್ವರನ ಗುಡಿಗೆ ಬರುವವರು ಐದು ಗರ್ಭಗುಡಿಗಳನ್ನು ಎಣಿಸಿ, ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ. ಇಲ್ಲಿಯ ನಲ್ಲಿಯಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ ಎಂದು ಅವರನ್ನು ಕೇಳಿದರೆ ಏನು ಹೇಳಿಯಾರು? ಊರಿನ ಹಿತ್ತಿಲು ಕಾಣಬೇಕಾದರೆ ಜೇಬು ಹಗುರವಾಗಿರಬೇಕು.

ಹಾಗೆ ಹಗುರವಾದ ಜೇಬಿನಲ್ಲಿ, ಗುರುತಿನವರು ಒಬ್ಬರೂ ಇಲ್ಲದೆ ಷಿಕಾಗೋ ನಗರಕ್ಕೆ ಹೋದವರು ಸ್ವಾಮಿ ವಿವೇಕಾನಂದರು. 1893ರ ಸೆಪ್ಟೆಂಬರ್ 11ರಂದು ಅವರು ಮಾಡಿದ ಭಾಷಣ ಶಾಲೆಯ ಹುಡುಗರಿಗೂ ಗೊತ್ತು. ಅವರು ಆ ನಗರ ಮುಟ್ಟಿದ್ದು ಜುಲೈ 30ರಂದು. ನಡುವಿನ ನಲವತ್ತಮೂರು ದಿನಗಳ ಮಾತನ್ನು ಯಾವ ಶಾಲೆಯ ವೇದಿಕೆಯ ಮೇಲೂ ನಾವು ಕೇಳಿಲ್ಲ.

ಈ ಪ್ರಯಾಣದಲ್ಲಿ ನಮ್ಮ ಸೀಮೆಯ ಪಾಲೂ ಇದೆ. ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಸಹಾಯ ಮಾಡಿದರು. ಮನೆಮನೆ ತಿರುಗಿ ಚಂದಾ ಎತ್ತಿದವರು ಅಳಸಿಂಗ ಪೆರುಮಾಳ್. ಮಂಡಯಂ ಮನೆತನದವರು, ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಮೇಷ್ಟ್ರಾಗಿದ್ದವರು. ಮೇಷ್ಟ್ರ ಸಂಬಳದಲ್ಲಿದ್ದುಕೊಂಡು ಪರರಿಗಾಗಿ ಕೈಯೊಡ್ಡುವುದು ಎಂಥದೆಂದು ನಮಗೆ ಚೆನ್ನಾಗಿ ಗೊತ್ತು. ಈ ಅಳಸಿಂಗರಿಗೆ ಸ್ವಾಮಿಗಳು ಆಗಸ್ಟ್ 20ರಂದು ಬರೆದ ಕಾಗದದಲ್ಲಿ ವೇದಾಂತಕ್ಕೆ ಮೊದಲು ಲೆಕ್ಕ ಬರುತ್ತದೆ. ಕೈಗೆ ಬಂದದ್ದು 179 ಪೌಂಡು, ಉಳಿದದ್ದು 130. ಷಿಕಾಗೋದಲ್ಲಿ ದಿನಕ್ಕೆ ಒಂದು ಪೌಂಡು ಖರ್ಚು, ಅಂದರೆ ಅಂದಿನ ಹದಿನೈದು ರೂಪಾಯಿಗೂ ಮೇಲೆ. ಒಂದು ಚುಟ್ಟಕ್ಕೆ ಎಂಟಾಣೆ!

ಆ ವರ್ಷ ಅಲ್ಲಿ ಜಗತ್ತಿನ ದೊಡ್ಡ ವಸ್ತುಪ್ರದರ್ಶನ ನಡೆಯುತ್ತಿತ್ತು. ಸಾಲುಸಾಲು ವಿದ್ಯುದ್ದೀಪ, 264 ಅಡಿ ಎತ್ತರದ ತಿರುಗುವ ತೊಟ್ಟಿಲು. ಒಳಗೆ ಹೋಗಲು ಅರ್ಧ ಡಾಲರು, ತೊಟ್ಟಿಲು ಹತ್ತಲು ಇನ್ನರ್ಧ. ಅದೇ ಊರಿನ ಕೂಲಿಯಾಳಿಗೆ ದಿನವೆಲ್ಲ ದುಡಿದರೆ ಸಿಕ್ಕುತ್ತಿದ್ದದ್ದು ಒಂದೂವರೆ ಡಾಲರಿನ ಆಸುಪಾಸು. ಅದೂ ಕೆಲಸವಿದ್ದವನಿಗೆ. ಆ ವರ್ಷವೇ ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳು ಮುಚ್ಚಿ, ಚಳಿಗಾಲ ಬರುವ ಹೊತ್ತಿಗೆ ಕೆಲಸ ಕಳೆದುಕೊಂಡವರು ಷಿಕಾಗೋದ ಪುರಭವನದ ಮೊಗಸಾಲೆಯಲ್ಲಿ ಮಲಗುತ್ತಿದ್ದರು.

ಪ್ರದರ್ಶನದಲ್ಲಿ ನಡೆದ ಒಂದು ತಮಾಷೆಯನ್ನು ಸ್ವಾಮಿಗಳೇ ಬರೆದಿದ್ದಾರೆ. ಭಾರತದ ರಾಜರೊಬ್ಬರು ಬಂದಿದ್ದರು. ಊರಿನ ಶ್ರೀಮಂತರು ಅವರನ್ನು ಹೊತ್ತು ಮೆರೆಸುತ್ತಿದ್ದರು. ಅಲ್ಲೇ ಧೋತ್ರ ಉಟ್ಟ ಬಡ ಮರಾಠಿ ಬ್ರಾಹ್ಮಣನೊಬ್ಬ ಉಗುರಿನಿಂದ ಮೂಡಿಸಿದ ಚಿತ್ರ ಮಾರುತ್ತಿದ್ದ. ಅವನು ಪತ್ರಿಕೆಯವರ ಮುಂದೆ ರಾಜನ ಮಾನ ಕಳೆದ. ಪತ್ರಿಕೆಗಳು ಆ ಮಾತನ್ನೆಲ್ಲ ಸ್ವಾಮಿಗಳ ಬಾಯಲ್ಲಿ ಇಟ್ಟು ಅಚ್ಚುಮಾಡಿದವು. ಮರುದಿನ ಶ್ರೀಮಂತರು ರಾಜನನ್ನು ಕೈಬಿಟ್ಟರು. ದೊಡ್ಡ ಪತ್ರಿಕೆಗಳ ಸತ್ಯನಿಷ್ಠೆ ಅಂದೂ ಹಾಗೇ ಇತ್ತೆಂದು ತಿಳಿದು ನಮಗೇನೂ ಆಶ್ಚರ್ಯವಾಗಲಿಲ್ಲ.

ಸರ್ವಧರ್ಮ ಸಮ್ಮೇಳನಕ್ಕೆ ಇನ್ನೂ ಆರು ವಾರವಿತ್ತು. ಪರಿಚಯಪತ್ರವಿಲ್ಲದವರಿಗೆ ಪ್ರವೇಶವೂ ಇರಲಿಲ್ಲ. ಖರ್ಚು ಕಡಿಮೆಯಾದೀತೆಂದು ಸ್ವಾಮಿಗಳು ಬಾಸ್ಟನ್ ಕಡೆಗೆ ಹೊರಟರು. ರೈಲಿನಲ್ಲಿ ಸಿಕ್ಕ ಮಹಿಳೆಯೊಬ್ಬರು ತಮ್ಮ ಮನೆಯಲ್ಲಿ ಇಳಿಸಿಕೊಂಡರು. ತಮಗೆ ದಿನಕ್ಕೆ ಒಂದು ಪೌಂಡು ಉಳಿಯಿತು, ಆಕೆಗೆ ಗೆಳತಿಯರಿಗೆ ತೋರಿಸಲು ಭಾರತದ ಒಂದು ವಿಚಿತ್ರ ವಸ್ತು ಸಿಕ್ಕಿತು ಎಂದು ಅವರು ನಗುತ್ತ ಬರೆಯುತ್ತಾರೆ. ಬೀದಿಗೆ ಇಳಿದರೆ ಉಡುಪು ಕಂಡು ಜನ ಕೂಗಿ ಗೇಲಿ ಮಾಡುತ್ತಿದ್ದರು. ಬಡತನದ ನಂಟು ಹೀಗೇ, ಸ್ವಾಮಿ: ಅನ್ನ ಕೊಟ್ಟವರು ನಮ್ಮನ್ನು ನೋಡುವುದಕ್ಕೂ ಹಕ್ಕು ಪಡೆದುಬಿಡುತ್ತಾರೆ. ಆದರೂ ಆ ನಾಡಿನ ಹೆಂಗಸರ ದೊಡ್ಡ ಮನಸ್ಸನ್ನು ಅವರು ಎಂದೂ ಮರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಪರಿಚಯಪತ್ರ ಹಿಡಿದು ಷಿಕಾಗೋಗೆ ಮರಳಿದಾಗ ಸಮ್ಮೇಳನದ ವಿಳಾಸವಿದ್ದ ಚೀಟಿ ಕಳೆದುಹೋಗಿತ್ತು. ಆ ಬಡಾವಣೆಯಲ್ಲಿ ಹೆಚ್ಚಿನವರು ಜರ್ಮನ್ ಮಾತಿನವರು, ದಾರಿ ಹೇಳುವವರಿಲ್ಲ. ಆ ರಾತ್ರಿ ಅವರು ರೈಲು ಯಾರ್ಡಿನ ಖಾಲಿ ಸರಕು ಡಬ್ಬಿಯಲ್ಲಿ ಮಲಗಿದರೆಂದು ಜೀವನಚರಿತ್ರೆಗಳು ಹೇಳುತ್ತವೆ. ಬೆಳಿಗ್ಗೆ ಹಸಿದು, ಕೆರೆದಂಡೆಯ ಸಿರಿವಂತರ ಬೀದಿಯಲ್ಲಿ ಮನೆಮನೆಗೆ ಹೋಗಿ ದಾರಿ ಕೇಳಿದರು. ಆಳುಗಳು ಬಾಗಿಲು ಹಾಕಿಕೊಂಡರು. ಸೋತು ರಸ್ತೆಯ ಬದಿಯಲ್ಲಿ ಕುಳಿತಾಗ ಎದುರು ಮನೆಯ ಶ್ರೀಮತಿ ಹೇಲ್ ಹೊರಗೆ ಬಂದು ಒಳಗೆ ಕರೆದರು. ಬಾಗಿಲು ಹಾಕಿದ್ದೂ ಷಿಕಾಗೋ, ತೆರೆದದ್ದೂ ಷಿಕಾಗೋ.

ಇನ್ನು ನಮಗೆ ಸಂಬಂಧಪಟ್ಟ ಮಾತು. ನಾವು ಪ್ರತಿ ವರ್ಷ ಮೇ ದಿನ ಆಚರಿಸುವುದು ಈ ಊರಿನ ದೆಸೆಯಿಂದಲೇ. ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಅಲ್ಲಿಯ ಕಾರ್ಮಿಕರು 1886ರ ಮೇ 1ರಂದು ಬೀದಿಗೆ ಇಳಿದರು. ಮೇ 4ರಂದು ಹೇಮಾರ್ಕೆಟ್ ಚೌಕದಲ್ಲಿ ಯಾರೋ ಬಾಂಬು ಎಸೆದರು. ಎಸೆದವನು ಸಿಕ್ಕಲಿಲ್ಲ, ಮುಂದಾಳುಗಳು ಸಿಕ್ಕಿದರು. 1887ರ ನವೆಂಬರ್ 11ರಂದು ನಾಲ್ವರಿಗೆ ಗಲ್ಲು. ಜೈಲಿನಲ್ಲಿ ಉಳಿದಿದ್ದ ಮೂವರನ್ನು ಗವರ್ನರ್ ಆಲ್ಟ್‌ಗೆಲ್ಡ್, ವಿಚಾರಣೆಯೇ ಅನ್ಯಾಯವೆಂದು ಹೇಳಿ ಬಿಡುಗಡೆ ಮಾಡಿದ್ದು 1893ರ ಜೂನ್ 26ರಂದು. ಸ್ವಾಮಿಗಳು ರೈಲಿನಿಂದ ಇಳಿಯುವ ಹೊತ್ತಿಗೆ ಅದಾಗಿ ಒಂದು ತಿಂಗಳು ಕಳೆದಿತ್ತು, ಅಷ್ಟೇ.

ಮರುವರ್ಷ ಅಲ್ಲೇ ಪುಲ್‌ಮನ್ ಎಂಬ ರೈಲುಗಾಡಿ ಕಾರ್ಖಾನೆಯ ಮಾಲೀಕ ಕೂಲಿ ಕತ್ತರಿಸಿದ. ಕಾರ್ಮಿಕರು ವಾಸವಾಗಿದ್ದದ್ದು ಅವನದೇ ಮನೆಗಳಲ್ಲಿ. ಬಾಡಿಗೆಯನ್ನು ಮಾತ್ರ ಒಂದು ಕಾಸೂ ಇಳಿಸಲಿಲ್ಲ. 1894ರ ಮೇ 11ರಂದು ಮುಷ್ಕರ ಹೂಡಿದರು. ಜುಲೈನಲ್ಲಿ ಸರ್ಕಾರ ಸೈನ್ಯ ತಂದು ಅದನ್ನು ಮುರಿಯಿತು. ಮುಂದಾಳು ಯೂಜೀನ್ ಡೆಬ್ಸ್ ಆರು ತಿಂಗಳು ಜೈಲು ಕಂಡು, ಮುಂದೆ ಅಮೆರಿಕದ ಸಮಾಜವಾದಿಗಳ ನಾಯಕರಾದರು.

ಆ ಮುಷ್ಕರ ನಡೆಯುತ್ತಿದ್ದಾಗಲೇ, ಜೂನ್ 23ರಂದು, ಷಿಕಾಗೋದಿಂದ ಮೈಸೂರು ಮಹಾರಾಜರಿಗೆ ಸ್ವಾಮಿಗಳ ಕಾಗದ ಹೊರಟಿತು. ಈ ಜನರ ಸಿರಿಗೆ ಮಿತಿಯಿಲ್ಲ, ಇವರ ಕೂಲಿ ಜಗತ್ತಿನಲ್ಲೇ ಹೆಚ್ಚು, ಆದರೂ ದುಡಿಮೆಗೂ ಬಂಡವಾಳಕ್ಕೂ ಜಗಳ ನಿಲ್ಲುವುದೇ ಇಲ್ಲ ಎಂಬುದು ಅದರಲ್ಲಿದೆ. ಅರಮನೆಗೆ ಹೋದ ಕಾಗದದಲ್ಲಿ ಈ ಮಾತು! ಸಂಪತ್ತು ಬೆಳೆದರೆ ಸಾಕು, ಜಗಳ ತಾನೇ ತಣ್ಣಗಾಗುತ್ತದೆ ಎಂದು ಇಂದಿಗೂ ನಮಗೆ ಉಪದೇಶ ಮಾಡುವವರು ಅದನ್ನೊಮ್ಮೆ ಓದಲಿ.

ಅಲ್ಲಿಂದ ಕಾಗದ ನಮ್ಮ ಕಡೆ ತಿರುಗುತ್ತದೆ. ಭಾರತದ ಕೇಡಿಗೆಲ್ಲ ಮೂಲ ಬಡವರ ಸ್ಥಿತಿ. ಬಡವರ ಹುಡುಗ ಶಾಲೆಗೆ ಬರಲಾರ, ಹೊಲಕ್ಕೆ ಹೋಗಬೇಕು. ಆದ್ದರಿಂದ ವಿದ್ಯೆಯೇ ಅವನಿದ್ದಲ್ಲಿಗೆ ಹೋಗಲಿ. ಸಂಜೆ ಇಬ್ಬರು ಹಳ್ಳಿಗೆ ಹೋಗಿ, ಒಂದು ಕ್ಯಾಮರಾ, ಒಂದು ಭೂಗೋಳ, ಕೆಲವು ಭೂಪಟ ಇಟ್ಟುಕೊಂಡು ಪಾಠ ಹೇಳಲಿ ಎಂಬುದು ಅವರ ಯೋಜನೆ. ಕಾಗದ ಪಡೆದ ಚಾಮರಾಜ ಒಡೆಯರು ಅದೇ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು.

ಆ ಯೋಜನೆಗೆ ಅರಮನೆಯ ಅಪ್ಪಣೆ ಈಗ ಬೇಕಾಗಿಲ್ಲ. ಬರುವ ಬುಧವಾರದಿಂದ ರಾತ್ರಿ ಎಂಟು ಗಂಟೆಗೆ ಇದೇ ಜಗಲಿಯಲ್ಲಿ ತರಗತಿ ನಡೆಯುತ್ತದೆ. ಕಬ್ಬಿನ ತೂಕದ ಚೀಟಿ, ಸಂಬಳದ ಚೀಟಿ, ಅಂಗಡಿಯ ಸಾಲದ ಪುಸ್ತಕ, ಏನಿದೆಯೋ ಅದನ್ನು ತನ್ನಿ. ಓದುವುದನ್ನು ಅದರಿಂದಲೇ ಶುರು ಮಾಡೋಣ. ಹೆಣ್ಣುಮಕ್ಕಳೂ ಬರಬೇಕು. ಭೂಪಟ ನಾವು ತರುತ್ತೇವೆ.